ಪ್ರತಿ ಚಿತ್ರಕ್ಕೂ ಅದರದೇ ಅಂಚು



ಈಗ ಎಷ್ಟೋ ಮನೆಗಳಲ್ಲಿ ಒಂದು ಕೋಣೆ ಪುಟ್ಟ ಚಿತ್ರಮಂದಿರವಾಗಿದೆ. ಗೋಡೆಗೆ ಬಿಳಿ ಪರದೆ, ಚಾವಣಿಗೆ ಪ್ರೊಜೆಕ್ಟರ್, ಮೂಲೆಗಳಲ್ಲಿ ಸ್ಪೀಕರುಗಳು. ದೀಪ ಆರಿಸಿ ಸಿನಿಮಾ ಹಾಕಿದರೆ ಚಿತ್ರದ ಮೇಲೊಂದು, ಕೆಳಗೊಂದು ಅಡ್ಡಪಟ್ಟಿ ಕಾಣಿಸುತ್ತದೆ. ಟಿ.ವಿ.ಯಲ್ಲಿ ಅಷ್ಟಾಗಿ ಗಮನಕ್ಕೆ ಬಾರದ ಈ ಪಟ್ಟಿಗಳು ಕತ್ತಲ ಕೋಣೆಯ ದೊಡ್ಡ ಪರದೆಯ ಮೇಲೆ ಬೂದುಬಣ್ಣದಲ್ಲಿ ಮಂಕಾಗಿ ಹೊಳೆಯುತ್ತಲೇ ಇರುತ್ತವೆ. ಅವುಗಳನ್ನು ನಿಜವಾದ ಕಪ್ಪಿನಿಂದ ಮುಚ್ಚುವ ಮರೆಗಳನ್ನು, ಅದೂ ಚಿತ್ರದ ಆಕಾರಕ್ಕೆ ತಕ್ಕಂತೆ ತಾವಾಗಿಯೇ ಸರಿಯುವ ಮರೆಗಳನ್ನು, ಮನೆಯಲ್ಲೇ ಕಟ್ಟಿಕೊಳ್ಳುವುದು ಹೇಗೆ ಎಂಬುದು ಇಂದಿನ ಮಾತು. ಹವ್ಯಾಸಿಗಳು ಇದನ್ನು ಸ್ಕ್ರೀನ್ ಮಾಸ್ಕಿಂಗ್ ಎನ್ನುತ್ತಾರೆ.

ಕೆಲಸಕ್ಕೆ ಇಳಿಯುವ ಮೊದಲು ಒಂದು ಪ್ರಶ್ನೆ. ಸಿನಿಮಾಗಳೆಲ್ಲ ಒಂದೇ ಆಕಾರದಲ್ಲಿ ಏಕಿಲ್ಲ?

ಎಡಿಸನ್ನರ ಪ್ರಯೋಗಶಾಲೆಯಲ್ಲಿ ವಿಲಿಯಂ ಡಿಕ್ಸನ್ 35 ಮಿಲಿಮೀಟರ್ ಫಿಲ್ಮಿನ ಮೇಲೆ ನಾಲ್ಕು ರಂಧ್ರಗಳಿಗೆ ಒಂದು ಚಿತ್ರ ಎಂದು ಗೊತ್ತುಮಾಡಿದಾಗ ಸಿನಿಮಾದ ಚೌಕಟ್ಟು ನಾಲ್ಕಕ್ಕೆ ಮೂರರ ಅಳತೆಗೆ ಬಂತು. ಅಗಲ ನಾಲ್ಕು ಪಾಲು, ಎತ್ತರ ಮೂರು ಪಾಲು. ಮಾತಿನ ಚಿತ್ರಗಳು ಬಂದು ಫಿಲ್ಮಿನ ಬದಿಯಲ್ಲಿ ಧ್ವನಿಗೂ ಜಾಗ ಬಿಡಬೇಕಾದ ಮೇಲೆ, 1932ರಲ್ಲಿ ಹಾಲಿವುಡ್ 1.37ಕ್ಕೆ ಒಂದು ಎಂಬ ಅಳತೆಯನ್ನು ಒಪ್ಪಿಕೊಂಡಿತು. ಮುಂದಿನ ಎರಡು ದಶಕ ಲೋಕದ ಸಿನಿಮಾ ಬಹುಮಟ್ಟಿಗೆ ಇದೇ ಆಕಾರದಲ್ಲಿತ್ತು. ರಾಜ್‌ಕುಮಾರ್ ಅವರ 1954ರ ‘ಬೇಡರ ಕಣ್ಣಪ್ಪ’ವನ್ನೂ ಸತ್ಯಜಿತ್ ರೇ ಅವರ 1955ರ ‘ಪಥೇರ್ ಪಾಂಚಾಲಿ’ಯನ್ನೂ ನಾವು ನೋಡುವುದು ಚೌಕಕ್ಕೆ ಹತ್ತಿರವಾದ ಈ ಚೌಕಟ್ಟಿನಲ್ಲೇ.

ಅಷ್ಟರಲ್ಲಿ ಅಮೆರಿಕದಲ್ಲಿ ಟೆಲಿವಿಷನ್ ಮನೆಮನೆಗೆ ಬಂದಿತ್ತು. ಜನರನ್ನು ಮತ್ತೆ ಚಿತ್ರಮಂದಿರಕ್ಕೆ ಕರೆತರಲು ಸಿನಿಮಾದವರು ಪರದೆಯನ್ನು ಅಗಲಿಸಿದರು. 1953ರಲ್ಲಿ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸಂಸ್ಥೆಯ ‘ದಿ ರೋಬ್’ ಸಿನಿಮಾಸ್ಕೋಪಿನಲ್ಲಿ ಬಂತು. ವಿಶೇಷ ಮಸೂರವೊಂದು ಅಗಲವಾದ ದೃಶ್ಯವನ್ನು ಅಡ್ಡಕ್ಕೆ ಹಿಂಡಿ ಮಾಮೂಲಿ ಫಿಲ್ಮಿನೊಳಗೆ ತುಂಬುತ್ತಿತ್ತು. ಚಿತ್ರಮಂದಿರದ ಮಸೂರ ಅದನ್ನು ಮತ್ತೆ ಹಿಗ್ಗಿಸುತ್ತಿತ್ತು. ಆ ಪರಂಪರೆಯ ಇಂದಿನ ಅಳತೆ 2.39. ಅದರ ಜೊತೆಗೆ 1.85ರ ಚಿತ್ರಗಳೂ ಬೆಳೆದವು. ಆಮೇಲೆ ಬಂದ ಅಗಲ ಟಿ.ವಿ.ಗಳು 16:9, ಅಂದರೆ 1.78ರ ಅಳತೆಯಲ್ಲಿ ನೆಲೆನಿಂತವು. ಮನೆಗೆ ಕೊಳ್ಳುವ ಬಹುತೇಕ ಪ್ರೊಜೆಕ್ಟರುಗಳ ಆಕಾರವೂ ಇದೇ. ಅಗಲದ ಸಿನಿಮಾ ಬಂದರೆ ಮೇಲೆ ಕೆಳಗೆ ಖಾಲಿ, ಹಳೆಯ ಸಿನಿಮಾ ಬಂದರೆ ಎಡಬಲ ಖಾಲಿ.

ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ 1959ರ ‘ಕಾಗಜ್ ಕೆ ಫೂಲ್’. ನಿರ್ದೇಶಕರು ಗುರುದತ್, ಛಾಯಾಗ್ರಾಹಕರು ನಮ್ಮ ಮೈಸೂರಿನ ವಿ. ಕೆ. ಮೂರ್ತಿ. ಮುಂದೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರು ಅವರೇ. ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ತಿರುಗಿಸಿ ಸ್ಟುಡಿಯೋದ ಕತ್ತಲೆಯೊಳಕ್ಕೆ ಒಂದು ಬೆಳಕಿನ ಕೋಲನ್ನು ಇಳಿಸಿದ ಆ ದೃಶ್ಯವನ್ನು ಕಂಡವರು ಮರೆಯಲಾರರು. ಅಗಲವಾದ ಚೌಕಟ್ಟಿನ ಬಹುಭಾಗವನ್ನು ಅವರು ಕತ್ತಲೆಗೇ ಬಿಟ್ಟುಕೊಟ್ಟಿದ್ದಾರೆ. ಆ ಕತ್ತಲೆ ಎಲ್ಲಿ ಮುಗಿಯಬೇಕು ಎಂದು ತೀರ್ಮಾನಿಸಿದವರೂ ಅವರೇ. ಈಗ ಅದರ ಮೇಲೂ ಕೆಳಗೂ ಬೂದುಪಟ್ಟಿಗಳು ಸೇರಿಕೊಂಡರೆ ಚಿತ್ರದ ಕತ್ತಲೆ ಯಾವುದು, ಪಟ್ಟಿಯ ಕತ್ತಲೆ ಯಾವುದು ಎಂದು ಕಣ್ಣಿಗೆ ತಿಳಿಯುವುದಿಲ್ಲ. ಚೌಕಟ್ಟಿನ ಗೆರೆಯೇ ಕರಗಿಹೋಗುತ್ತದೆ. ಕನ್ನಡದಲ್ಲಿ 1977ರ ‘ಸೊಸೆ ತಂದ ಸೌಭಾಗ್ಯ’ದಿಂದ ಮೊದಲಾದ ಸ್ಕೋಪ್ ಚಿತ್ರಗಳಿಗೂ ಮನೆಯ ಪರದೆಯಲ್ಲಿ ಆಗುವುದು ಇದೇ ನಷ್ಟ.

ಪಟ್ಟಿ ಬೂದಾಗಿ ಕಾಣುವುದೇಕೆ? ಪ್ರೊಜೆಕ್ಟರಿನಲ್ಲಿ ದೀಪ ಸದಾ ಉರಿಯುತ್ತಿರುತ್ತದೆ. ಕಪ್ಪು ತೋರಿಸಬೇಕಾದ ಕಡೆ ಅದರ ಒಳಗಿನ ಚಿಪ್ ಬೆಳಕನ್ನು ತಡೆಯುತ್ತದೆ, ಆದರೆ ಪೂರ್ತಿ ತಡೆಯಲಾರದು. ಕಾಂಟ್ರಾಸ್ಟ್ 2000ಕ್ಕೆ ಒಂದು ಎಂದರೆ, ಬಿಳಿ ಜಾಗಕ್ಕೆ ಬೀಳುವ ಬೆಳಕಿನ ಎರಡು ಸಾವಿರದಲ್ಲೊಂದು ಪಾಲು ಕಪ್ಪು ಜಾಗಕ್ಕೂ ಸೋರುತ್ತದೆ ಎಂದರ್ಥ. ಬಂದ ಬೆಳಕನ್ನೆಲ್ಲ ಹಿಂದಿರುಗಿಸುವುದೇ ಬಿಳಿ ಪರದೆಯ ಕೆಲಸವಾದ್ದರಿಂದ ಆ ಸೋರಿಕೆಯನ್ನೂ ಅದು ನಮ್ಮ ಕಣ್ಣಿಗೇ ಕಳಿಸುತ್ತದೆ. ಅದೇ ಸೋರಿಕೆ ಕಪ್ಪು ಮಖಮಲ್ಲಿನ ಮೇಲೆ ಬಿದ್ದರೆ ಬಟ್ಟೆಯ ಸಾವಿರಾರು ಎಳೆಗಳ ನಡುವೆ ಸಿಕ್ಕಿಹಾಕಿಕೊಂಡು ಅಲ್ಲೇ ಇಂಗುತ್ತದೆ. ಮಾಸ್ಕಿಂಗಿನ ವಿಜ್ಞಾನ ಇಷ್ಟೇ. ಪ್ರತಿ ಬಿಂದುವೂ ತಾನೇ ಆರಬಲ್ಲ ಓಎಲ್‌ಇಡಿ ಟಿ.ವಿ.ಗೆ ಈ ಮರೆ ಬೇಕಿಲ್ಲ; ಪ್ರೊಜೆಕ್ಟರಿಗೆ ಬೇಕು.

ಎಷ್ಟು ಜಾಗದ ಮಾತಿದು? 240 ಸೆಂಟಿಮೀಟರ್ ಅಗಲ, 135 ಸೆಂಟಿಮೀಟರ್ ಎತ್ತರದ ಒಂದು ಪರದೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಇದು 16:9. ಇದರ ಮೇಲೆ 2.39ರ ಚಿತ್ರ ಬಂದರೆ ಅದರ ಎತ್ತರ ಸುಮಾರು 100 ಸೆಂಟಿಮೀಟರ್ ಮಾತ್ರ. ಮೇಲೆ 17, ಕೆಳಗೆ 17 ಸೆಂಟಿಮೀಟರಿಗಿಂತ ತುಸು ಹೆಚ್ಚು ಖಾಲಿ. ಹಳೆಯ ನಾಲ್ಕಕ್ಕೆ ಮೂರರ ಚಿತ್ರ ಬಂದರೆ ಎಡಕ್ಕೆ 30, ಬಲಕ್ಕೆ 30 ಸೆಂಟಿಮೀಟರ್ ಖಾಲಿ. ಎರಡರಲ್ಲೂ ಪರದೆಯ ಸುಮಾರು ಕಾಲುಭಾಗ ವ್ಯರ್ಥ ಬೂದು. 1.85ರ ಚಿತ್ರವಾದರೆ ಮೇಲೆ ಕೆಳಗೆ ಎರಡೂವರೆ ಸೆಂಟಿಮೀಟರ್ ಚಿಲ್ಲರೆ. ಅದನ್ನು ಹಾಗೇ ಬಿಟ್ಟರೂ ನಡೆದೀತು.

ಈಗ ಕೆಲಸದ ಮಾತಿಗೆ ಬರೋಣ. ಮೋಟಾರು ಕೊಳ್ಳುವುದಕ್ಕಿಂತ ಮೊದಲು ಮಾಡಬೇಕಾದ್ದು ಎರಡಿವೆ. ಒಂದು, ಕೋಣೆಯ ಕತ್ತಲೆ. ಚಾವಣಿ ಮತ್ತು ಪರದೆಯ ಹತ್ತಿರದ ಗೋಡೆಗಳು ಬೆಳ್ಳಗಿದ್ದರೆ ಚಿತ್ರದ ಬೆಳಕು ಅವುಗಳಿಗೆ ತಗುಲಿ ಮತ್ತೆ ಪರದೆಗೇ ಬರುತ್ತದೆ. ಆಗ ಮಖಮಲ್ ಹಾಕಿಯೂ ಅರ್ಧ ಫಲ. ಮೊದಲು ಅಲ್ಲಿಗೆ ಹೊಳಪಿಲ್ಲದ ಗಾಢ ಬಣ್ಣ ಬರಲಿ. ಎರಡು, ಕೈಯಿಂದ ಇಡುವ ಮರೆ. ಹಗುರವಾದ ಫೋಮ್ ಬೋರ್ಡಿನ ಎರಡು ಹಲಗೆಗಳಿಗೆ ಕಪ್ಪು ಮಖಮಲ್ ಅಂಟಿಸಿ, ಪರದೆಯ ಚೌಕಟ್ಟಿಗೆ ಆಯಸ್ಕಾಂತದಿಂದ ನಿಲ್ಲಿಸಿ ಒಂದು ಸಂಜೆ ಸಿನಿಮಾ ನೋಡಿ. ಮನೆಮಂದಿಯನ್ನೂ ಕೂರಿಸಿ. ಬೇಕೋ ಬೇಡವೋ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಹಾಗಾದರೆ ಕೈಯಿಂದಲೇ ಇಟ್ಟುಕೊಳ್ಳಬಹುದಲ್ಲ, ಯಂತ್ರವೇಕೆ? ಅನುಭವಸ್ಥರನ್ನು ಕೇಳಿದರೆ ತಿಳಿಯುತ್ತದೆ: ಕೈಮರೆಗಳು ಕೆಲವು ವಾರ ಪರದೆಯ ಮೇಲಿರುತ್ತವೆ, ಆಮೇಲೆ ಅಟ್ಟ ಸೇರುತ್ತವೆ. ದಿನದ ಕೆಲಸ ಮುಗಿಸಿ ಕೂತವರು ಪ್ರತಿ ಚಿತ್ರಕ್ಕೂ ಎದ್ದು ಹಲಗೆ ಜೋಡಿಸುವುದಿಲ್ಲ. ನಮ್ಮ ಊರುಗಳ ಹಳೆಯ ಚಿತ್ರಮಂದಿರಗಳಲ್ಲಿ ಜಾಹೀರಾತು, ನ್ಯೂಸ್ ರೀಲು ಮುಗಿದು ಸ್ಕೋಪ್ ಚಿತ್ರ ಶುರುವಾಗುವಾಗ ಎರಡೂ ಬದಿಯ ಕಪ್ಪು ಬಟ್ಟೆ ಹಿಂದೆ ಸರಿಯುತ್ತಿತ್ತು. ಪ್ರೊಜೆಕ್ಷನ್ ಕೋಣೆಯ ಕೆಲಸಗಾರರು ಮಸೂರ ಬದಲಿಸುವ ಹೊತ್ತಿಗೆ ಪರದೆಯೂ ಸಿದ್ಧವಾಗುತ್ತಿತ್ತು. ಅಲ್ಲಿ ಅವರು ಮಾಡುತ್ತಿದ್ದ ಸೇವೆಯನ್ನು ಮನೆಯಲ್ಲಿ ಮಾಡಲು ಒಂದು ಯಂತ್ರ ಬೇಕು.

ಮರೆಗಳನ್ನು ಜೋಡಿಸುವುದಕ್ಕೆ ಮುಖ್ಯವಾಗಿ ಎರಡು ದಾರಿಗಳಿವೆ. ಮೊದಲನೆಯದು, ಪರದೆಯ ಅಗಲ ಸ್ಥಿರ, ಮರೆಗಳು ಮೇಲಿನಿಂದ ಮತ್ತು ಕೆಳಗಿನಿಂದ. ಪ್ರೊಜೆಕ್ಟರನ್ನು ಮುಟ್ಟಬೇಕಿಲ್ಲ, ಮಸೂರ ಹೊಂದಿಸಬೇಕಿಲ್ಲ. ಆದರೆ ಮರೆಗಳ ಭಾರವನ್ನು ಎತ್ತಬೇಕು, ಹಳೆಯ ಚಿತ್ರಗಳಿಗಾಗಿ ಎಡಬಲಕ್ಕೆ ಇನ್ನೊಂದು ಜೋಡಿ ಬೇಕು. ಎರಡನೆಯದು, ಎತ್ತರ ಸ್ಥಿರ. ಪರದೆಯನ್ನೇ 2.39ರ ಅಳತೆಗೆ, ಅಂದರೆ 240 ಸೆಂಟಿಮೀಟರ್ ಅಗಲಕ್ಕೆ 100 ಸೆಂಟಿಮೀಟರ್ ಎತ್ತರಕ್ಕೆ ಕಟ್ಟುವುದು. ಸ್ಕೋಪ್ ಚಿತ್ರಕ್ಕೆ ಪೂರ್ತಿ ಪರದೆ. 16:9ಕ್ಕೆ ಎರಡೂ ಬದಿಯ ಮರೆಗಳು ತಲಾ ಸುಮಾರು 31 ಸೆಂಟಿಮೀಟರ್ ಒಳಗೆ ಬರುತ್ತವೆ, ನಾಲ್ಕಕ್ಕೆ ಮೂರಕ್ಕೆ ತಲಾ 53. ಒಂದೇ ಜೋಡಿ ಮರೆ, ಎಲ್ಲ ಕಾಲದ ಸಿನಿಮಾಗಳಿಗೂ ಸಾಕು. ಹಳೆಯ ಚಿತ್ರಮಂದಿರಗಳ ಪದ್ಧತಿಯೂ ಇದೇ ಆಗಿತ್ತು: ಸ್ಕೋಪ್ ಎಂದರೆ ಹೆಚ್ಚು ದೊಡ್ಡ ಚಿತ್ರ. ಇದಕ್ಕೆ ಪ್ರೊಜೆಕ್ಟರಿನ ಜೂಮ್ ಪ್ರತಿ ಸಲ ಬದಲಾಗಬೇಕು. ಮಸೂರದ ಸ್ಥಾನಗಳನ್ನು ನೆನಪಿಟ್ಟುಕೊಳ್ಳುವ ಪ್ರೊಜೆಕ್ಟರ್ ಇದ್ದರೆ ಒಂದು ಗುಂಡಿಯ ಕೆಲಸ. ಜೂಮ್ ಹಿಗ್ಗಿದಾಗ ಬೂದುಪಟ್ಟಿಗಳು ಪರದೆಯ ಮೇಲಕ್ಕೂ ಕೆಳಕ್ಕೂ ಚೆಲ್ಲುವುದರಿಂದ ಅಲ್ಲಿನ ಗೋಡೆಯೂ ಕಪ್ಪಾಗಿರಬೇಕು. ಗೋಡೆ ಅಗಲವಾಗಿದ್ದು ಚಾವಣಿ ತಗ್ಗಾಗಿರುವ ನಮ್ಮ ಅಪಾರ್ಟ್‌ಮೆಂಟ್ ಕೋಣೆಗಳಿಗೆ ಈ ಎರಡನೆಯ ದಾರಿಯೇ ಸೂಕ್ತ ಎಂದು ನಾನು ಹೇಳುತ್ತೇನೆ.

ಆದರೂ ಹೆಚ್ಚಿನವರ ಮನೆಯಲ್ಲಿ ಈಗಾಗಲೇ 16:9ರ ಪರದೆ ಇರುತ್ತದೆ. ಅಂಥವರಿಗಾಗಿ ಮೇಲೆ ಕೆಳಗೆ ಸರಿಯುವ ಮರೆಯ ರಚನೆಯನ್ನು ಸ್ವಲ್ಪ ವಿವರವಾಗಿ ನೋಡೋಣ.

ಪರದೆಯ ಎಡಕ್ಕೊಂದು, ಬಲಕ್ಕೊಂದು ಲಂಬವಾದ ಅಲ್ಯೂಮಿನಿಯಂ ಕಂಬ. ಪ್ರತಿ ಕಂಬದ ತುದಿಯಲ್ಲೊಂದು, ಬುಡದಲ್ಲೊಂದು ಗಾಲಿ. ಅವೆರಡನ್ನೂ ಸುತ್ತಿದ ಹಲ್ಲಿನ ಬೆಲ್ಟು. ಮೂರು ಆಯಾಮದ ಪ್ರಿಂಟರುಗಳಲ್ಲಿ ಬಳಸುವ ಜಿಟಿ2 ಎಂಬ ಬೆಲ್ಟೇ ಸಾಕು. ಸುತ್ತಿದ ಬೆಲ್ಟಿಗೆ ಎರಡು ಎಳೆಗಳಿರುತ್ತವಲ್ಲ, ಒಂದು ಎಳೆಗೆ ಮೇಲಿನ ಮರೆಯನ್ನು ಕಚ್ಚಿಸಿ, ಇನ್ನೊಂದಕ್ಕೆ ಕೆಳಗಿನ ಮರೆಯನ್ನು. ಗಾಲಿ ತಿರುಗಿದಾಗ ಒಂದು ಇಳಿಯುತ್ತದೆ, ಇನ್ನೊಂದು ಏರುತ್ತದೆ, ಅದೂ ಅಷ್ಟೇ ದೂರ, ಅದೇ ವೇಗದಲ್ಲಿ. ಹಳ್ಳಿಯ ಬಾವಿಯ ರಾಟೆಗೆ ಹಗ್ಗದ ಎರಡೂ ತುದಿಯಲ್ಲಿ ಕೊಡ ಕಟ್ಟಿದ ಹಾಗೆ, ಎರಡು ಮರೆಗಳ ತೂಕ ಒಂದನ್ನೊಂದು ಸರಿದೂಗಿಸುತ್ತದೆ. ಮೋಟಾರಿನ ಪಾಲಿಗೆ ಉಳಿಯುವುದು ತಿಕ್ಕಾಟವನ್ನು ಗೆಲ್ಲುವ ಕೆಲಸ ಮಾತ್ರ. ಕರೆಂಟು ಹೋದರೂ ಮರೆ ದಬಕ್ಕನೆ ಬೀಳುವುದಿಲ್ಲ. ಇಡೀ ರಚನೆಯ ಜಾಣತನ ಇರುವುದು ಇಲ್ಲಿ. ಅದಕ್ಕಾಗಿ ಎರಡು ಹಲಗೆಗಳನ್ನೂ ತಕ್ಕಡಿಯಲ್ಲಿಟ್ಟು ಒಂದೇ ತೂಕಕ್ಕೆ ತಂದುಕೊಳ್ಳಿ.

ಮರೆಯ ಎಡತುದಿ ಮುಂದೆ ಹೋಗಿ ಬಲತುದಿ ಹಿಂದುಳಿದರೆ ಹಲಗೆ ಓರೆಯಾಗಿ ಕಂಬಕ್ಕೆ ಸಿಕ್ಕಿಕೊಳ್ಳುತ್ತದೆ. ಅದನ್ನು ತಡೆಯಲು ಮೇಲಿನ ಎರಡು ಗಾಲಿಗಳನ್ನು ಪರದೆಯ ಅಗಲಕ್ಕೂ ಹಾಯುವ ಒಂದೇ ಉಕ್ಕಿನ ಸರಳಿಗೆ ಬಿಗಿಯಬೇಕು. ಸರಳು ತಿರುಗಿದರೆ ಎರಡೂ ಬೆಲ್ಟು ಒಟ್ಟಿಗೇ ಚಲಿಸುತ್ತವೆ. ಆಗ ಒಂದೇ ಮೋಟಾರು ಸಾಕು. ತೆರೆದಾಗ ಮರೆಗಳು ಅಡಗಲು ಮೇಲೂ ಕೆಳಗೂ 17 ಸೆಂಟಿಮೀಟರಿಗಿಂತ ಹೆಚ್ಚು ಜಾಗ ಬೇಕೆಂಬುದನ್ನು ಪರದೆ ತೂಗುಹಾಕುವ ಮೊದಲೇ ಯೋಚಿಸಿ. ಪರದೆಯ ಕೆಳಗೇ ನಡುವಿನ ಸ್ಪೀಕರ್ ಕೂತಿದ್ದರೆ ಅದನ್ನು ಸರಿಸಬೇಕಾಗುತ್ತದೆ.

ಮಖಮಲ್ಲಿನ ಬಗ್ಗೆ ಒಂದೆರಡು ಮಾತು. ಅದರ ಎಳೆಗಳಿಗೆ ಒಂದು ದಿಕ್ಕಿದೆ. ಕೈ ಮೇಲಿನಿಂದ ಕೆಳಕ್ಕೆ ಆಡಿಸಿದಾಗ ಒಂದು ಛಾಯೆ, ಕೆಳಗಿನಿಂದ ಮೇಲಕ್ಕೆ ಆಡಿಸಿದಾಗ ಇನ್ನೊಂದು. ಎಳೆಗಳು ಮೇಲ್ಮುಖವಾಗಿದ್ದರೆ ಬಟ್ಟೆ ಹೆಚ್ಚು ಗಾಢವಾಗಿ ಕಾಣುತ್ತದೆ. ದರ್ಜಿಗಳಿಗೆ ಇದು ಚೆನ್ನಾಗಿ ಗೊತ್ತು. ಎರಡು ಹಲಗೆಗಳಲ್ಲೂ ದಿಕ್ಕು ಒಂದೇ ಇರಲಿ, ಇಲ್ಲವಾದರೆ ಒಂದು ಕಪ್ಪು, ಇನ್ನೊಂದು ಮಂಕು. ಮರೆ ಪರದೆಗೆ ತಾಗಬಾರದು, ಆದರೆ ತುಂಬ ದೂರವೂ ಇರಬಾರದು. ಒಂದೆರಡು ಸೆಂಟಿಮೀಟರ್ ಅಂತರ ಸಾಕು. ಹೆಚ್ಚಾದರೆ ಅಂಚಿನಲ್ಲಿ ನೆರಳು ಬೀಳುತ್ತದೆ, ಬದಿಯಲ್ಲಿ ಕೂತವರಿಗೆ ಗೆರೆ ತಪ್ಪಿ ಕಾಣುತ್ತದೆ. ಮರೆಯ ಅಂಚು ಚಿತ್ರದ ಮೇಲೆ ಕೆಲವೇ ಮಿಲಿಮೀಟರ್ ಹತ್ತಿ ನಿಂತರೆ ಹೊರಚೆಲ್ಲುವ ಬೆಳಕನ್ನೂ ಅದೇ ನುಂಗಿ, ಅಂಚು ಕತ್ತರಿಸಿದಷ್ಟು ನೇರವಾಗುತ್ತದೆ.

ಮೋಟಾರಾಗಿ ನೆಮಾ 17 ಗಾತ್ರದ ಸ್ಟೆಪ್ಪರನ್ನು ಆರಿಸಿಕೊಳ್ಳಿ. ಅದು ಸಾಮಾನ್ಯವಾಗಿ ಒಂದು ಸುತ್ತನ್ನು 200 ಹೆಜ್ಜೆಗಳಲ್ಲಿ ಮುಗಿಸುತ್ತದೆ. ಮೋಟಾರನ್ನು ನಡೆಸುವ ಡ್ರೈವರ್ ಚಿಪ್ ಪ್ರತಿ ಹೆಜ್ಜೆಯನ್ನೂ 16 ಭಾಗ ಮಾಡಿದರೆ ಸುತ್ತಿಗೆ 3200 ಕಿರುಹೆಜ್ಜೆ. ಗಾಲಿಗೆ 20 ಹಲ್ಲು, ಹಲ್ಲುಗಳ ನಡುವೆ 2 ಮಿಲಿಮೀಟರ್ ಎಂದರೆ ಒಂದು ಸುತ್ತಿಗೆ ಬೆಲ್ಟು ಸಾಗುವುದು 40 ಮಿಲಿಮೀಟರ್. ಭಾಗಿಸಿ ನೋಡಿ, ಪ್ರತಿ ಮಿಲಿಮೀಟರಿಗೆ 80 ಕಿರುಹೆಜ್ಜೆ. ನಮ್ಮ ಪರದೆಯಲ್ಲಿ ಪೂರ್ತಿ ತೆರೆದ ಸ್ಥಿತಿಯಿಂದ 2.39ಕ್ಕೆ ಬರಲು ಸುಮಾರು 13,800 ಕಿರುಹೆಜ್ಜೆ, 1.85ಕ್ಕೆ ಸುಮಾರು 2,100. ಈ ಕೆಲವು ಅಂಕಿಗಳೇ ಯಂತ್ರದ ಇಡೀ ಜ್ಞಾನ. ಆರ್ಡುಯಿನೋ ಅಥವಾ ಇಎಸ್‌ಪಿ32ರಂಥ ಪುಟ್ಟ ಬೋರ್ಡು ಇವನ್ನು ನೆನಪಿಟ್ಟುಕೊಳ್ಳುತ್ತದೆ. ಟಿಎಂಸಿ2209 ಎಂಬ ಡ್ರೈವರ್ ಬಳಸಿದರೆ ಸ್ಟೆಪ್ಪರ್ ಮೋಟಾರಿನ ಗುಂಯ್‌ಗುಡುವಿಕೆ ಬಹುತೇಕ ಅಡಗುತ್ತದೆ. ಸಿನಿಮಾ ಕೋಣೆಯಲ್ಲಿ ಇದು ಬಹಳ ಮುಖ್ಯ.

ಸ್ಟೆಪ್ಪರಿಗೆ ಹೆಜ್ಜೆ ಎಣಿಸಲು ಬರುತ್ತದೆ, ತಾನು ಎಲ್ಲಿದ್ದೇನೆ ಎಂದು ತಿಳಿಯದು. ಆದ್ದರಿಂದ ಕಂಬದ ತುದಿಯಲ್ಲಿ ಒಂದು ಲಿಮಿಟ್ ಸ್ವಿಚ್ ಇಡಬೇಕು. ಪ್ರತಿ ಸಲ ಚಾಲೂ ಆದಾಗ ಮರೆ ನಿಧಾನವಾಗಿ ಹೋಗಿ ಆ ಸ್ವಿಚ್ಚನ್ನು ಮುಟ್ಟಿ, ಅದನ್ನೇ ಸೊನ್ನೆ ಎಂದು ಹಿಡಿದು ಎಣಿಕೆ ಶುರುಮಾಡುತ್ತದೆ. ಹಲವು ಪ್ರೊಜೆಕ್ಟರುಗಳ ಬೆನ್ನಲ್ಲಿ 12 ವೋಲ್ಟಿನ ಟ್ರಿಗರ್ ಎಂಬ ಕಿಂಡಿ ಇರುತ್ತದೆ. ಪ್ರೊಜೆಕ್ಟರ್ ಹೊತ್ತಿದ ಕೂಡಲೇ ಅಲ್ಲಿ ವಿದ್ಯುತ್ತು ಬರುತ್ತದೆ. ಅದನ್ನು ಬೋರ್ಡು ತಾಳುವಷ್ಟು ವೋಲ್ಟಿಗೆ ಇಳಿಸಿ ಮುಟ್ಟಿಸಿದರೆ ಮರೆಗಳು ತಾವಾಗಿ ಎಚ್ಚರಗೊಳ್ಳುತ್ತವೆ. 17 ಸೆಂಟಿಮೀಟರ್ ಸರಿಯಲು ಹತ್ತು ಸೆಕೆಂಡ್ ಕೊಡಿ. ಮೆಲ್ಲಗೆ ಹೊರಟು, ಮೆಲ್ಲಗೆ ನಿಲ್ಲುವಂತೆ ಮಾಡಿ. ಬೆಲ್ಟಿಗೂ ಒಳ್ಳೆಯದು, ನೋಡುವವರ ಮನಸ್ಸಿಗೂ ಒಳ್ಳೆಯದು.

ಇನ್ನು, ಯಾವ ಚಿತ್ರಕ್ಕೆ ಯಾವ ಅಳತೆ ಎಂದು ಯಂತ್ರಕ್ಕೆ ತಿಳಿಯುವುದು ಹೇಗೆ? ಸರಳವಾದ ಉಪಾಯ ರಿಮೋಟಿನ ಗುಂಡಿ. ನಿಮ್ಮ ರಿಮೋಟಿನಲ್ಲಿ ಯಾರೂ ಒತ್ತದ ಗುಂಡಿಗಳಿರುತ್ತವೆ. ಕೆಲವೇ ರೂಪಾಯಿಯ ಅವಗೆಂಪು ಗ್ರಾಹಕವೊಂದು ಆ ಸಂಕೇತವನ್ನು ಓದಿ ಬೋರ್ಡಿಗೆ ಹೇಳುತ್ತದೆ: ಇದು ಸ್ಕೋಪ್, ಇದು ಹಳೆಯ ಚಿತ್ರ. ಇನ್ನೊಂದು ಉಪಾಯ, ಚಿತ್ರ ತೋರಿಸುವ ಕಂಪ್ಯೂಟರನ್ನೇ ಕೇಳುವುದು. ಕೋಡಿಯಂಥ ತಂತ್ರಾಂಶ ತಾನು ತೋರಿಸುತ್ತಿರುವ ಚಿತ್ರದ ಅಳತೆಯನ್ನು ಮನೆಯ ಜಾಲದ ಮೂಲಕ ತಿಳಿಸಬಲ್ಲದು. ಆದರೆ ಅನೇಕ ಚಿತ್ರಗಳಲ್ಲಿ ಕಪ್ಪುಪಟ್ಟಿ ಚಿತ್ರದೊಳಗೇ ಬೆರೆತಿರುತ್ತದೆ. ಕಡತ 16:9 ಎನ್ನುತ್ತದೆ, ಒಳಗಿರುವುದು 2.39. ಅಂಥಲ್ಲಿ ಚಿತ್ರವನ್ನೇ ನೋಡಿ ತೀರ್ಮಾನಿಸಬೇಕು. ಪರದೆಯತ್ತ ಮುಖಮಾಡಿದ ಪುಟ್ಟ ಕ್ಯಾಮೆರಾ ಸಾಲುಸಾಲಾಗಿ ಬೆಳಕನ್ನು ಅಳೆದು, ಮೇಲಿನ ಮತ್ತು ಕೆಳಗಿನ ಸಾಲುಗಳು ಸಮಪ್ರಮಾಣದಲ್ಲಿ ಕಪ್ಪಾಗಿಯೇ ಇವೆ ಎಂದು ಕಂಡರೆ ಮರೆ ಸರಿಸಲು ಹೇಳುತ್ತದೆ.

ಇಲ್ಲಿ ತಾಳ್ಮೆಯನ್ನು ಯಂತ್ರಕ್ಕೆ ಕಲಿಸಬೇಕು. ಕತ್ತಲ ದೃಶ್ಯ ಬಂದ ಕೂಡಲೇ ಅದು ಮರೆ ಎಳೆದುಬಿಡಬಾರದು. ಒಂದು ಅಳತೆ ಸಾಕಷ್ಟು ಹೊತ್ತು, ಬೆಳಕಿನ ದೃಶ್ಯಗಳಲ್ಲೂ ಸ್ಥಿರವಾಗಿ ಕಂಡ ಮೇಲಷ್ಟೇ ನಂಬಬೇಕು. ಕೆಲವು ಚಿತ್ರಗಳು ನಡುನಡುವೆ ಆಕಾರ ಬದಲಿಸುತ್ತವೆ. 2008ರ ‘ದಿ ಡಾರ್ಕ್ ನೈಟ್’ನ ಬ್ಲೂ-ರೇಯಲ್ಲಿ ಐಮ್ಯಾಕ್ಸ್ ಕ್ಯಾಮೆರಾದ ದೃಶ್ಯಗಳು ಬಂದಾಗ ಚಿತ್ರ ಮೇಲೆ ಕೆಳಗೆ ಹಿಗ್ಗಿ ಪರದೆ ತುಂಬುತ್ತದೆ. 2014ರ ‘ದಿ ಗ್ರ್ಯಾಂಡ್ ಬುಡಾಪೆಸ್ಟ್ ಹೋಟೆಲ್’ನಲ್ಲಿ ವೆಸ್ ಆಂಡರ್ಸನ್ ಕಥೆಯ ಕಾಲ ಬದಲಾದಂತೆ ಚೌಕಟ್ಟನ್ನೂ ಬದಲಿಸಿದ್ದಾರೆ. ಅಂಥ ಚಿತ್ರಗಳ ಬೆನ್ನಟ್ಟಿ ಮರೆ ಓಡಾಡಿದರೆ ನೋಡುವವರ ಗಮನವೆಲ್ಲ ಮರೆಯ ಮೇಲೇ. ಅವುಗಳಿಗೆ ಅತಿ ದೊಡ್ಡ ಆಕಾರಕ್ಕೆ ತೆರೆದು ಸುಮ್ಮನಿರುವುದು ಉತ್ತಮ. ಉಪಶೀರ್ಷಿಕೆಗಳ ಸಂಗತಿಯೂ ಇದೆ. ಬೇರೆ ಭಾಷೆಯ ಚಿತ್ರಗಳಲ್ಲಿ ಅವು ಎಷ್ಟೋ ಸಲ ಕೆಳಗಿನ ಪಟ್ಟಿಯೊಳಗೇ ಇರುತ್ತವೆ. ಮರೆ ಮುಚ್ಚಿದರೆ ಮಾತೇ ಮುಚ್ಚಿಹೋಯಿತು. ಸಾಧ್ಯವಾದರೆ ಅವುಗಳನ್ನು ಚಿತ್ರದೊಳಕ್ಕೆ ಏರಿಸಿಕೊಳ್ಳಿ, ಇಲ್ಲವಾದರೆ ಆ ಚಿತ್ರಕ್ಕೆ ಮರೆ ಬೇಡ. ಆದ್ದರಿಂದಲೇ ಎಷ್ಟೇ ಜಾಣ ಯಂತ್ರವಾದರೂ ಕೈಗುಂಡಿ ಇರಲೇಬೇಕು, ಕೈಯ ಮಾತೇ ಕೊನೆಯ ಮಾತಾಗಬೇಕು.

ಸುರಕ್ಷತೆಯ ಮಾತನ್ನು ಒತ್ತಿ ಹೇಳಬೇಕು. ಚಲಿಸುವ ಭಾಗಗಳೆಲ್ಲ 12 ಅಥವಾ 24 ವೋಲ್ಟಿನಲ್ಲೇ ನಡೆಯಲಿ. ಪವರ್ ಸಪ್ಲೈಗೆ ಅರ್ಥಿಂಗ್ ಮತ್ತು ಫ್ಯೂಸ್ ಇರಲಿ. ಕಿಟಕಿ ಪರದೆಗಳಿಗೆ ಸಿಗುವ 230 ವೋಲ್ಟಿನ ಕೊಳವೆ ಮೋಟಾರುಗಳನ್ನು ಬಳಸುವುದಾದರೆ ಆ ಜೋಡಣೆ ಎಲೆಕ್ಟ್ರಿಷಿಯನ್ನರ ಕೈಯಲ್ಲೇ ಆಗಲಿ. ಏರುವ ತಂತಿಗೂ ಇಳಿಯುವ ತಂತಿಗೂ ಒಟ್ಟಿಗೇ ಕರೆಂಟು ಹೋಗದಂತೆ ತಡೆ ಇರಬೇಕು. ಮಕ್ಕಳ ಬೆರಳು ಬೆಲ್ಟಿಗೆ ಸಿಗದಂತೆ ಕಂಬಗಳಿಗೆ ಹೊದಿಕೆ ಹಾಕಿ. ಮೋಟಾರಿನ ಬಲವನ್ನು ಬೇಕಾದಷ್ಟೇ ಇಡಿ. ಏನಾದರೂ ಅಡ್ಡ ಬಂದರೆ ಮರೆ ನಿಲ್ಲಬೇಕು, ತಳ್ಳಬಾರದು.

ಸಿದ್ಧ ಮಾಸ್ಕಿಂಗ್ ಪರದೆಗಳು ಬಹಳ ದುಬಾರಿ, ಸಾಮಾನ್ಯ ಮನೆಗೆ ಎಟುಕುವಂಥವಲ್ಲ. ಆದರೆ ನಾನು ಹೇಳಿದ ಬೆಲ್ಟು, ಗಾಲಿ, ಸ್ಟೆಪ್ಪರು, ಬೋರ್ಡು ಎಲ್ಲ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಬಿಡಿಬಿಡಿಯಾಗಿ ದೊರೆಯುತ್ತವೆ, ಅಂಚೆಯಲ್ಲೂ ತರಿಸಬಹುದು. ಮಖಮಲ್ ಬಟ್ಟೆ ಯಾವ ಊರಿನ ಜವಳಿ ಅಂಗಡಿಯಲ್ಲೂ ಇದೆ. ಮನೆಯಲ್ಲಿ ಡಿಪ್ಲೊಮಾ ಅಥವಾ ಎಂಜಿನಿಯರಿಂಗ್ ಓದುವ ಮಕ್ಕಳಿದ್ದರೆ ಈ ಕೆಲಸ ಅವರಿಗೆ ಒಳ್ಳೆಯ ಪಾಠ. ತೂಕ, ತಿಕ್ಕಾಟ, ಹೆಜ್ಜೆಯ ಲೆಕ್ಕ, ಬೆಳಕಿನ ಸ್ವಭಾವ, ನಾಲ್ಕು ಸಾಲಿನ ಪ್ರೋಗ್ರಾಮು, ಎಲ್ಲವೂ ಒಂದೇ ಕಡೆ ಕಲಿಯಲು ಸಿಗುತ್ತವೆ. ದರ್ಜಿಯನ್ನೂ ಬಡಗಿಯನ್ನೂ ಕೂಡಿಸಿಕೊಂಡು ಕೆಲಸ ಮಾಡುವುದೂ ಅದರಲ್ಲೇ ಸೇರಿದೆ.

ಇಷ್ಟೆಲ್ಲ ಶ್ರಮ ಎರಡು ಪಟ್ಟಿಗಳಿಗಾಗಿ ಏಕೆ ಎಂದು ನೀವು ಕೇಳಬಹುದು. ಚೌಕಟ್ಟೂ ಚಿತ್ರದ ಒಂದು ಭಾಗ, ಅದಕ್ಕಾಗಿ. ಏನನ್ನು ಒಳಗಿಡಬೇಕು, ಏನನ್ನು ಹೊರಗೆ ಬಿಡಬೇಕು, ಪಾತ್ರದ ಸುತ್ತ ಎಷ್ಟು ಖಾಲಿ ಜಾಗ ಇರಬೇಕು ಎಂದು ನಿರ್ದೇಶಕರೂ ಛಾಯಾಗ್ರಾಹಕರೂ ಪ್ರತಿ ಶಾಟಿಗೂ ಯೋಚಿಸಿರುತ್ತಾರೆ. ಕೆಲವರು ಪಟ್ಟಿ ಬೇಡವೆಂದು ಚಿತ್ರವನ್ನು ಜಗ್ಗಿ ಪರದೆ ತುಂಬಿಸುತ್ತಾರೆ. ಆಗ ಮುಖಗಳು ಉದ್ದವಾಗುತ್ತವೆ, ಇಲ್ಲವೇ ಅಂಚಿನಲ್ಲಿ ನಿಂತ ಪಾತ್ರ ಕತ್ತರಿಸಿಹೋಗುತ್ತದೆ. ಮರೆಯ ದಾರಿ ಅದಲ್ಲ. ಅದು ಚಿತ್ರವನ್ನು ಮುಟ್ಟುವುದಿಲ್ಲ, ಪರದೆಯನ್ನೇ ಚಿತ್ರದ ಅಳತೆಗೆ ತರುತ್ತದೆ. ‘ಬೇಡರ ಕಣ್ಣಪ್ಪ’ನಿಗೆ ಅವನ ಚೌಕ, ‘ಕಾಗಜ್ ಕೆ ಫೂಲ್’ಗೆ ಅದರ ಅಗಲ.

ಮೋಟಾರು ಮುಂದಿನ ತಿಂಗಳು ಬರಲಿ, ಕ್ಯಾಮೆರಾ ಮುಂದಿನ ವರ್ಷ ಬರಲಿ. ಈ ವಾರ ಟೇಪು ಹಿಡಿದು ನಿಮ್ಮ ಪರದೆಯನ್ನು ಅಳೆಯಿರಿ, ಅಗಲವನ್ನು 2.39ರಿಂದ ಭಾಗಿಸಿ, ಬಂದದ್ದನ್ನು ಎತ್ತರದಿಂದ ಕಳೆದು, ಉಳಿದುದರ ಅರ್ಧದಷ್ಟು ಎತ್ತರಕ್ಕೆ ಎರಡು ಹಲಗೆ ಕತ್ತರಿಸಿ ಮಖಮಲ್ ಹೊದಿಸಿ. ಉಳಿದ ಕೆಲಸಕ್ಕೆ ಬೇಕಾದ ಉತ್ಸಾಹವನ್ನು ಆ ಹಲಗೆಗಳೇ ಕೊಡುತ್ತವೆ.